ಗ್ಯಾಲರಿ ಗೋಡೆಗೆ ಫೋಟೋ ಪ್ರಿಂಟ್ ಮಾಡಿಸ್ತಿದ್ದೀರಾ? ಟೆಸ್ಟ್ ಪ್ರಿಂಟ್ ತೋರಿಸದ ಲ್ಯಾಬಿಗೆ ಫೈಲ್ ಕೊಡಬೇಡಿ

ಪ್ರದರ್ಶನಕ್ಕೆ ಫೋಟೋ ಪ್ರಿಂಟ್ ಮಾಡಿಸಲು ಓಡಾಡುತ್ತಿರುವವರು ದಯವಿಟ್ಟು ಇದನ್ನೊಮ್ಮೆ ಓದಿ. ಟೆಸ್ಟ್ ಪ್ರಿಂಟ್ ತೋರಿಸದ ಲ್ಯಾಬಿಗೆ ನಿಮ್ಮ ಚಿತ್ರ ಕೊಡಬೇಡಿ. ಯಾವ ಇಂಕು, ಯಾವ ಪೇಪರ್ ಅಂತ ಕೇಳಿದರೆ ಹೆಸರು ಹೇಳಲು ತಡವರಿಸುವವರಿಗಂತೂ ಕೊಡಲೇಬೇಡಿ. ನನ್ನ ಕೆಲಸ ಕೆಡಿಸಿದ ಲ್ಯಾಬಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಂಥ ಲ್ಯಾಬು ಅದೊಂದೇ ಅಲ್ಲ, ಹಾಗಾಗಿ ಗುರುತು ಹಿಡಿಯುವುದು ಹೇಗೆ ಅನ್ನುವುದೇ ಮುಖ್ಯ.

ನನ್ನದು ಕಪ್ಪು ಬಿಳುಪು ಚಿತ್ರ. ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿರುವ ಅಜ್ಜಿ. ಬೆಳಕು ಬಿದ್ದಿರುವುದು ಅವರ ಬೆರಳುಗಳ ಮೇಲೆ, ಕೆನ್ನೆಯ ಒಂದು ಬದಿಗೆ, ಅಷ್ಟೇ. ಮುಕ್ಕಾಲು ಭಾಗ ಕತ್ತಲು. ಆದರೆ ಬರೀ ಕತ್ತಲಲ್ಲ. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಮಂಚದ ಅಂಚು ಕಾಣುತ್ತದೆ, ಮಡಿಸಿಟ್ಟ ಕಂಬಳಿ ಕಾಣುತ್ತದೆ. ಆ ಚಿತ್ರದ ಜೀವ ಇರುವುದೇ ಅಲ್ಲಿ. ಫೈಲ್ 24 ಮೆಗಾಪಿಕ್ಸೆಲ್, ಅಂದರೆ 6000 × 4000. ಅದನ್ನು 30 × 20 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 200 ಪಿಕ್ಸೆಲ್ ಸಿಗುತ್ತದೆ. ನಾಲ್ಕೈದು ಅಡಿ ದೂರ ನಿಂತು ನೋಡುವ ಚಿತ್ರಕ್ಕೆ ಅಷ್ಟು ಧಾರಾಳ ಸಾಕು. ಫೈಲಿನಲ್ಲಿ ಏನೂ ಕೊರತೆ ಇರಲಿಲ್ಲ.

ಆರ್ಡರ್ ಮಾಡುವಾಗ ಲ್ಯಾಬಿನವರು ತುಂಬಾ ಚೆನ್ನಾಗಿ ಮಾತಾಡಿದರು. ಮ್ಯೂಸಿಯಂ ಕ್ವಾಲಿಟಿ, ನೂರು ವರ್ಷ ಬಾಳಿಕೆ, ಮೊದಲು ಟೆಸ್ಟ್ ಪ್ರಿಂಟ್ ಕೊಡುತ್ತೇವೆ, ನೀವು ಒಪ್ಪಿದ ಮೇಲೇ ದೊಡ್ಡದು ಅಂದರು. ಹಣ ಪೂರ್ತಿ ಕಟ್ಟಿಸಿಕೊಂಡರು. ಆಮೇಲೆ ಟೆಸ್ಟ್ ಪ್ರಿಂಟ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅನ್ನುತ್ತಲೇ ಇದ್ದರು. ಪ್ರದರ್ಶನ ಹತ್ತಿರ ಬಂದಾಗ, ಟೆಸ್ಟ್ ಬರುವ ಬದಲು ಬೋರ್ಡಿಗೆ ಅಂಟಿಸಿದ ದೊಡ್ಡ ಪ್ರಿಂಟೇ ಬಂದುಬಿಟ್ಟಿತು.

ಬಿಚ್ಚಿ ನೋಡಿದರೆ ಕತ್ತಲೇ ಇಲ್ಲ. ಮಂಚ, ಕಂಬಳಿ ಎಲ್ಲ ಬೂದಿ ಬಣ್ಣದಲ್ಲಿ ಎದ್ದು ಕೂತಿವೆ. ಅಜ್ಜಿಯ ಕೈಮೇಲಿನ ಬೆಳಕಿಗೆ ಬೆಲೆಯೇ ಇಲ್ಲದಂತಾಗಿದೆ. ಕಿಟಕಿ ಹತ್ತಿರ ಹಿಡಿದರೆ ಬೂದು ಬಣ್ಣಕ್ಕೆ ಹಸಿರು ಛಾಯೆ, ಹಳದಿ ಬಲ್ಬಿನ ಕೆಳಗೆ ಹಿಡಿದರೆ ಗುಲಾಬಿ ಛಾಯೆ. ಹಿಂದಿನ ಗೋಡೆಯ ಮೇಲೆ ಒಂದರ ಕೆಳಗೊಂದು ಸಣ್ಣ ಗೆರೆಗಳು, ಈ ಅಂಚಿನಿಂದ ಆ ಅಂಚಿನವರೆಗೆ. ಎದುರಿಗೆ ನಿಂತರೆ ಒಂದೊಂದು ಸಲ ಕಾಣುವುದಿಲ್ಲ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿದರೆ ಮೂಲೆಯಲ್ಲೊಂದು ಗುಳ್ಳೆಯೂ ಕಂಡಿತು. ಬೋರ್ಡನ್ನು ಮೇಜಿನ ಮೇಲೆ ಮಲಗಿಸಿದರೆ ನಡು ಭಾಗ ಮೇಲೆದ್ದು, ಕೆಳಗೆ ಬೆರಳು ತೂರುವಷ್ಟು ಸಂದು.

ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ನಿಮ್ಮ ಮಾನಿಟರ್ ಬ್ರೈಟ್‌ನೆಸ್ ಜಾಸ್ತಿ ಇದೆ, ಅದಕ್ಕೇ ಹಾಗೆ.’ ಈ ಮಾತನ್ನು ನೀವೂ ಕೇಳುತ್ತೀರಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾನಿಟರ್ ತೀರಾ ಪ್ರಕಾಶವಾಗಿದ್ದರೆ ನಾವು ಚಿತ್ರವನ್ನು ಬೇಕಾದ್ದಕ್ಕಿಂತ ಕಪ್ಪಗೆ ತಿದ್ದುತ್ತೇವೆ, ಪ್ರಿಂಟ್ ಕತ್ತಲಾಗಿ ಬರುತ್ತದೆ. ಇದು ನಿಜ, ತುಂಬಾ ಜನರಿಗೆ ಆಗುವಂಥದ್ದೇ. ಪ್ರಿಂಟಿಗಾಗಿ ಕೆಲಸ ಮಾಡುವವರು ಮಾನಿಟರನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದೊಳಗೆ (ಪರದೆಯ ಪ್ರಕಾಶದ ಅಳತೆ) ಇಟ್ಟುಕೊಳ್ಳುವುದು ಅದಕ್ಕೇ. ನನ್ನದೂ ಕ್ಯಾಲಿಬ್ರೇಟ್ ಮಾಡಿ, ಅಂದರೆ ಅಳೆದು ಸರಿಹೊಂದಿಸಿ, 100ಕ್ಕೆ ಇಟ್ಟದ್ದು. ಮುಖ್ಯವಾಗಿ, ನನ್ನ ಪ್ರಿಂಟ್ ಬಂದಿದ್ದು ಕತ್ತಲಾಗಿ ಅಲ್ಲ, ತಿಳಿಯಾಗಿ. ಮಾನಿಟರ್ ತಪ್ಪಿದ್ದರೆ ಉಲ್ಟಾ ಆಗಬೇಕಿತ್ತು ಅಲ್ವಾ? ಆಗಿದ್ದು ಬೇರೆ. ಅವರ ಸಾಫ್ಟ್‌ವೇರಿನಲ್ಲಿ ಆಟೋ ಕರೆಕ್ಷನ್ ಆನ್ ಇತ್ತು. ಮದುವೆ, ಹುಟ್ಟುಹಬ್ಬದ ಫೋಟೋಗಳಿಗೆ ಮುಖ ಬೆಳ್ಳಗೆ ಕಾಣಲಿ ಅಂತ ಇಡುವ ವ್ಯವಸ್ಥೆ ಅದು. ನೆರಳು ಕಂಡಲ್ಲೆಲ್ಲ ತಿಳಿ ಮಾಡಿಬಿಡುತ್ತದೆ. ಪಟ್ಟು ಹಿಡಿದು ಕೇಳಿದ ಮೇಲೆ ಅದನ್ನು ಒಪ್ಪಿಕೊಂಡರು.

ಬೂದು ಬಣ್ಣದ ವಿಚಾರ ಕಪ್ಪು ಬಿಳುಪು ಮಾಡುವವರು ಚೆನ್ನಾಗಿ ತಿಳಿದಿರಬೇಕು. ಒಳ್ಳೆಯ ಫೋಟೋ ಪ್ರಿಂಟರುಗಳಲ್ಲಿ ಕಪ್ಪಿನ ಜೊತೆಗೆ ಒಂದೆರಡು ಬಗೆಯ ಬೂದು ಇಂಕೇ ಬೇರೆ ಇರುತ್ತದೆ. ಅದಿಲ್ಲದ ಮೆಷಿನ್ ಸಯಾನ್, ಮಜೆಂಟಾ, ಹಳದಿ ಸೇರಿಸಿ ಬೂದು ಹುಟ್ಟಿಸುತ್ತದೆ. ಆ ಮಿಶ್ರಣ ಒಂದೊಂದು ಬೆಳಕಿನಲ್ಲಿ ಒಂದೊಂದು ಕಡೆ ವಾಲುತ್ತದೆ. ಬ್ಯಾನರ್, ಬೋರ್ಡು ಹೊಡೆಯುವ ದೊಡ್ಡ ಮೆಷಿನ್ನಿನಲ್ಲೇ ಕ್ಯಾನ್ವಾಸು ಹಾಕಿ ‘ಫೈನ್ ಆರ್ಟ್’ ಅನ್ನುವವರೂ ಇದ್ದಾರೆ. ಆದ್ದರಿಂದ ಪ್ರಿಂಟರಿನ ಮಾಡೆಲ್ ಕೇಳಿ. ಅದರಲ್ಲಿ ಬೂದು ಇಂಕು ಇದೆಯಾ, ಇಂಕು ಪಿಗ್ಮೆಂಟಾ (ಬಣ್ಣದ ಸಣ್ಣ ಕಣಗಳಿರುವುದು) ಡೈಯಾ (ದ್ರವದಲ್ಲಿ ಕರಗಿದ ಬಣ್ಣ) ಅಂತ ಕೇಳಿ. ಕೆಲಸ ಗೊತ್ತಿರುವವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ. ಇನ್ನು ಆ ಗೆರೆಗಳು ಇಂಕಿನ ನಾಝಲ್ ಕಟ್ಟಿಕೊಂಡಿದ್ದರಿಂದ ಅಥವಾ ಪೇಪರ್ ಸರಿಯಾಗಿ ಸರಿಯದಿದ್ದರಿಂದ ಬರುತ್ತವೆ. ಎರಡೂ ಲ್ಯಾಬಿನವರು ನೋಡಿಕೊಳ್ಳಬೇಕಾದ ಕೆಲಸ.

ಇದೆಲ್ಲ ಒಂದು ಟೆಸ್ಟ್ ಪ್ರಿಂಟಿನಲ್ಲಿ ಮೊದಲೇ ಗೊತ್ತಾಗುತ್ತಿತ್ತು. ಆದರೆ ಟೆಸ್ಟ್ ಅಂತ ಇಡೀ ಚಿತ್ರವನ್ನು ಚಿಕ್ಕದು ಮಾಡಿ ಕೊಟ್ಟರೆ ಒಪ್ಪಬೇಡಿ. ಚಿಕ್ಕದಾದಾಗ ಎಲ್ಲವೂ ಚೂಪಾಗಿ, ನುಣುಪಾಗಿ ಕಾಣುತ್ತದೆ. ದೊಡ್ಡ ಪ್ರಿಂಟಿನ ಅಳತೆಯಲ್ಲೇ ಒಂದು ತುಂಡು ಬೇಕು. ಅದರಲ್ಲಿ ಚಿತ್ರದ ಅತಿ ಕಪ್ಪಾದ ಜಾಗ ಬರಲಿ, ಅತಿ ಬಿಳಿಯಾದ ಜಾಗ ಬರಲಿ, ಚರ್ಮ ಇದ್ದರೆ ಅದೂ ಬರಲಿ, ಆಕಾಶ ಅಥವಾ ಗೋಡೆಯಂಥ ನುಣುಪು ಭಾಗವೂ ಇರಲಿ. ಅದೇ ಪೇಪರ್, ಅದೇ ಮೆಷಿನ್, ಅದೇ ಸೆಟ್ಟಿಂಗ್. ಆ ತುಂಡನ್ನು ಗ್ಯಾಲರಿಗೇ ತೆಗೆದುಕೊಂಡು ಹೋಗಿ ನೋಡಿ. ಲ್ಯಾಬಿನವರು ನೋಡುವ ಸ್ಟ್ಯಾಂಡರ್ಡ್ ಬೆಳಕು 5000 ಕೆಲ್ವಿನ್, ಅಂದರೆ ಹಗಲಿನಂಥ ಬಿಳಿ ಬೆಳಕು. ಗ್ಯಾಲರಿಯ ದೀಪಗಳು ಸಾಮಾನ್ಯವಾಗಿ 3000 ಕೆಲ್ವಿನ್ ಆಸುಪಾಸಿನ ಬೆಚ್ಚಗಿನ ಬೆಳಕು. ಲ್ಯಾಬಿನ ಮೇಜಿನ ಮೇಲೆ ಸರಿ ಇದ್ದದ್ದು ಅಲ್ಲಿ ಸರಿ ಇರಲೇಬೇಕು ಅಂತೇನಿಲ್ಲ. ಆ ಪೇಪರಿನ ಐಸಿಸಿ ಪ್ರೊಫೈಲ್ (ಆ ಪ್ರಿಂಟರ್, ಪೇಪರಿನಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲ್) ಕೊಡಿ ಅಂತಲೂ ಕೇಳಿ. ಕೊಟ್ಟರೆ ಪ್ರಿಂಟ್ ಹೇಗೆ ಬರುತ್ತದೆ ಅಂತ ನಿಮ್ಮ ಪರದೆಯಲ್ಲೇ ಮುಂಚೆ ನೋಡಬಹುದು.

ಪೇಪರ್ ಬಗ್ಗೆ ಒಂದು ಮಾತು. ಕತ್ತಲು ಜಾಸ್ತಿ ಇರುವ ಚಿತ್ರಕ್ಕೆ ಮ್ಯಾಟ್, ಅಂದರೆ ಹೊಳಪಿಲ್ಲದ ಪೇಪರ್ ಹಾಕುವ ಮುಂಚೆ ಯೋಚನೆ ಮಾಡಿ. ಮ್ಯಾಟ್‌ನಲ್ಲಿ ಕಪ್ಪು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಬರೈಟಾ ಪೇಪರಿನಲ್ಲಿ (ಬೇರಿಯಂ ಸಲ್ಫೇಟ್ ಲೇಪನವಿರುವ ಪೇಪರ್) ಇಳಿಯುತ್ತದೆ, ಆದರೆ ಹೊಳಪು ಇರುತ್ತದೆ, ದೀಪ ಎದುರಿಗಿದ್ದರೆ ಪ್ರತಿಫಲಿಸುತ್ತದೆ. ನನಗೆ ಬರೈಟಾ ಇಷ್ಟ. ದೀಪವನ್ನು ಓರೆ ಮಾಡಿಸಿಕೊಳ್ಳಬಹುದು, ಇಳಿಯದ ಕಪ್ಪನ್ನು ಏನೂ ಮಾಡಲಾಗದು.

ನೂರು ವರ್ಷ ಅನ್ನುವ ಮಾತಿಗೆ ಬರೋಣ. ವಿಲ್ಹೆಮ್ ಇಮೇಜಿಂಗ್ ರಿಸರ್ಚ್‌ನಂಥ ಸಂಸ್ಥೆಗಳು ಬಾಳಿಕೆ ಪರೀಕ್ಷೆ ಮಾಡುತ್ತವೆ. ಅವು ಕೊಡುವ ಅಂಕಿ ಇಂತಿಂಥ ಇಂಕು, ಇಂತಿಂಥ ಪೇಪರ್ ಸೇರಿದಾಗ, ಗಾಜಿನ ಹಿಂದೆ ಇಟ್ಟಾಗ ಅಥವಾ ಇಡದಿದ್ದಾಗ ಎಷ್ಟು ಅಂತ ಇರುತ್ತದೆ. ಎರಡರ ಹೆಸರೂ ಹೇಳದೆ ಸುಮ್ನೆ ನೂರು ವರ್ಷ ಅಂದರೆ ಅದಕ್ಕೆ ಅರ್ಥವಿಲ್ಲ. ಪಿಗ್ಮೆಂಟ್ ಇಂಕು ಸಾಮಾನ್ಯವಾಗಿ ಡೈಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಪೇಪರ್ ಹತ್ತಿಯದ್ದಾಗಿದ್ದರೆ ಒಳ್ಳೆಯದು. ಹಾನೆಮ್ಯೂಲೆ ಫೋಟೋ ರ‍್ಯಾಗ್‌ನಂಥ ಪೇಪರ್ ಪೂರ್ತಿ ಹತ್ತಿಯದು, ಚದರ ಮೀಟರಿಗೆ 308 ಗ್ರಾಂ ತೂಗುತ್ತದೆ. ಹೆಸರು ಗೊತ್ತಿದ್ದರೆ, ಅದರ ಬದಲು ಬೇರೆ ಪೇಪರ್ ಹಾಕಿದ್ದಾಗ ಕೈಯಲ್ಲಿ ಹಿಡಿದಾಗಲೇ ಅನುಮಾನ ಬರುತ್ತದೆ. ಪೇಪರ್ ಅತಿಯಾಗಿ ಬೆಳ್ಳಗಿದ್ದರೆ ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟು ನೋಡಿ. ನೀಲಿಯಾಗಿ ಹೊಳೆದರೆ ಬ್ರೈಟ್ನರ್, ಅಂದರೆ ಬಿಳುಪು ಹೆಚ್ಚಿಸುವ ರಾಸಾಯನಿಕ, ಸೇರಿಸಿದ್ದಾರೆ ಅಂತ. ಆ ಬ್ರೈಟ್ನರ್ ಕಾಲಕ್ರಮೇಣ ಶಕ್ತಿ ಕಳೆದುಕೊಂಡಂತೆ ಬಿಳಿ ಹಳದಿಗೆ ತಿರುಗುತ್ತದೆ.

ಫೋಮ್ ಬೋರ್ಡು ತೇವಕ್ಕೆ ಹಪ್ಪಳದಂತೆ ಬಾಗುತ್ತದೆ. ದೊಡ್ಡ ಪ್ರಿಂಟನ್ನು ಫ್ರೇಮ್ ಇಲ್ಲದೆ ತೂಗುಹಾಕುವುದಾದರೆ 3 ಮಿಲಿಮೀಟರಿನ ಅಲ್ಯುಮಿನಿಯಂ ಕಾಂಪೋಸಿಟ್ ಶೀಟಿಗೆ (ಎರಡು ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವುದು) ಅಂಟಿಸಲು ಹೇಳಿ. ಫ್ರೇಮ್ ಹಾಕಿಸುವುದಾದರೆ, ಮಾರುವ ಉದ್ದೇಶವೂ ಇದ್ದರೆ, ಪೂರ್ತಿ ಅಂಟಿಸುವುದೇ ಬೇಡ. ಆಸಿಡ್ ಇಲ್ಲದ ರಟ್ಟಿಗೆ ಮೇಲಂಚಿನಲ್ಲಷ್ಟೇ ಜಪಾನಿ ತೆಳು ಕಾಗದ, ಗೋಧಿ ಪಿಷ್ಟದ ಅಂಟು ಹಾಕಿ ಹಿಡಿಸಿದರೆ ಮುಂದೆ ಹಾನಿಯಾಗದಂತೆ ಬಿಡಿಸಬಹುದು. ಪ್ರಿಂಟ್ ಗಾಜಿಗೆ ತಾಗಬಾರದು. ಇಂಕ್‌ಜೆಟ್ ಪ್ರಿಂಟನ್ನು ಒಂದು ದಿನವಾದರೂ ಒಣಗಲು ಬಿಡದೆ ಫ್ರೇಮಿಗೆ ಹಾಕಿದರೆ ಗಾಜಿನ ಒಳಗೆ ಮಬ್ಬು ಕಟ್ಟುತ್ತದೆ.

ಹಣ ವಾಪಸ್ ಕೇಳಿದಾಗ ‘ಕಸ್ಟಮ್ ಪ್ರಿಂಟಿಗೆ ರೀಫಂಡ್ ಇಲ್ಲ’ ಅಂದರು. ಬೇಕಿದ್ದರೆ ಮತ್ತೊಂದು ಹೊಡೆದು ಕೊಡುತ್ತೇವೆ ಅಂದರು. ಹೊಡೆದೂ ಕೊಟ್ಟರು. ಕತ್ತಲು ವಾಪಸ್ ಬಂದಿತ್ತು, ಗೆರೆಗಳು ಹಾಗೇ ಇದ್ದವು. ಸಾಲದ್ದಕ್ಕೆ 30 × 20 ಬದಲು 30 × 24ರ ಹಾಳೆಗೆ ತುಂಬಿಸಿ ಎರಡೂ ಪಕ್ಕ ಕತ್ತರಿಸಿದ್ದರು. ಕಿಟಕಿಯ ಚೌಕಟ್ಟೇ ಹೋಗಿತ್ತು. ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದೇ ಕಾಣದ ಚಿತ್ರವನ್ನು ಗೋಡೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಆ ಪ್ರದರ್ಶನದಲ್ಲಿ ನನ್ನ ಜಾಗ ಖಾಲಿ ಉಳಿಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಆರ್ಡರ್ ಮಾಡುವಾಗ ಎಲ್ಲವನ್ನೂ ಮೇಲ್‌ನಲ್ಲಿ ಬರೆಯಿರಿ, ಫೋನಿನಲ್ಲಿ ಮಾತ್ರ ಬೇಡ. ಆಟೋ ಕರೆಕ್ಷನ್ ಬೇಡ, ಕ್ರಾಪ್ ಬೇಡ, ಅಳತೆ ಇಷ್ಟು, ಪೇಪರ್ ಇದು, ಟೆಸ್ಟ್ ಒಪ್ಪಿದ ಮೇಲಷ್ಟೇ ಉಳಿದ ಹಣ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ, ಟಾರ್ಚನ್ನು ಓರೆಯಾಗಿ ಬಿಟ್ಟು ಫೋಟೋ ತೆಗೆದಿಡಿ. ಒಂದು ಪ್ರತಿ ಬೇಕಿದ್ದರೂ ಅದೇ ದಿನ, ಅದೇ ರೋಲಿನಲ್ಲಿ ಎರಡು ಹೊಡೆಸಿ. ಮೂಲೆ ಮಡಿಸಿಹೋಯಿತು ಅಂತ ತಿಂಗಳಾದ ಮೇಲೆ ಮತ್ತೆ ಹೊಡೆಸಿದರೆ, ಮೊದಲಿನದಕ್ಕೆ ಅದು ಹೊಂದುತ್ತದೆ ಅಂತ ನಂಬುವ ಹಾಗಿಲ್ಲ.