ಎರೆ, ಗರಸು, ಜಾಲಿ ಮುಳ್ಳು: ದುರ್ಗದ ಕಚ್ಚಾ ದಾರಿಗೆ ಯಾವ ಸೈಕಲ್?

ಚಿತ್ರದುರ್ಗ, ದಾವಣಗೆರೆ ಸುತ್ತಮುತ್ತ ಲಾರಿ ಬಸ್ಸಿನ ಕಾಟವಿಲ್ಲದ ದಾರಿಗಳಿಗೆ ಬರವಿಲ್ಲ. ಭದ್ರಾ ನಾಲೆಯ ಏರಿ, ಗುಡ್ಡದ ನೆತ್ತಿಯ ಗಾಳಿ ವಿದ್ಯುತ್ತಿನ ಫ್ಯಾನುಗಳಿಗೆ ಹತ್ತುವ ಗರಸು ರಸ್ತೆ, ಎರೆ ಹೊಲಗಳ ನಡುವಿನ ಬಂಡಿ ದಾರಿ, ಒಂದೊಂದರ ಗುಣವೂ ಬೇರೆ. ಈ ಮೂರರ ಮೇಲೂ ಮೂರು ಸೈಕಲ್ ಓಡಿಸಿ ನೋಡಿ ಮಾಡಿದ ಹೋಲಿಕೆ ಇದು.

ಮೊದಲನೆಯದು ಬಾಗಿದ ಹ್ಯಾಂಡಲ್ಲಿನ ಗ್ರಾವೆಲ್ ಸೈಕಲ್: 700×40 ಟ್ಯೂಬ್‌ಲೆಸ್ ಟೈರ್, ಪೆಡಲ್ ಹತ್ತಿರ 46 ಮತ್ತು 30 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 34 ಹಲ್ಲಿನವು (11-34). ಎರಡನೆಯದು ಮುಂದೆ ಮಾತ್ರ ಶಾಕ್ ಇರುವ ಎಂಟಿಬಿ, ಅಂದರೆ ಮೌಂಟನ್ ಬೈಕ್: 29×2.2 ಟೈರ್, ಪೆಡಲ್ ಹತ್ತಿರ 32 ಹಲ್ಲಿನ ಒಂದೇ ಚಕ್ರ, ಹಿಂದೆ 11-51. ಮೂರನೆಯದು ಹಾಲಿನವರು ತುಳಿಯುವ ರಾಡ್ ಬ್ರೇಕಿನ ಕರಿ ಸೈಕಲ್: 28×1½ ಟೈರ್, ಪೆಡಲ್ ಹತ್ತಿರ 44, ಹಿಂದೆ 18 ಹಲ್ಲು, ಗೇರಿಲ್ಲ. ಇದನ್ನು ತಮಾಷೆಗೆ ಸೇರಿಸಿಲ್ಲ. ಈ ದಾರಿಗಳಲ್ಲಿ ದಿನವೂ ಓಡಾಡುವುದು ಇದೊಂದೇ. ಮುಂದೆ ಹೇಳುವ ಟೈರಿನ ಗಾಳಿಯ ಲೆಕ್ಕವೆಲ್ಲ 70 ಕಿಲೋ ತೂಗುವವರಿಗೆ.

ಈ ಸೀಮೆಯಲ್ಲಿ ಫ್ರೇಮು, ಗೇರು ಎಲ್ಲದಕ್ಕಿಂತ ಮೊದಲು ನೋಡಬೇಕಾದದ್ದು ಟೈರು. ಕಾರಣ ಮುಳ್ಳು.

ಇಲ್ಲಿ ಟೈರಿಗೆ ಶತ್ರುಗಳು ಇಬ್ಬರು. ಬಳ್ಳಾರಿ ಜಾಲಿಯ ಮುಳ್ಳು ಉದ್ದ, ಗಟ್ಟಿ, ಮುರಿದರೆ ತುದಿ ಟೈರಿನೊಳಗೇ ಉಳಿಯುತ್ತದೆ. ಹೊಲಕ್ಕೆ ಬೇಲಿ ಕಟ್ಟುವ ಕಾಲದಲ್ಲಿ ಕಡಿದ ಕೊಂಬೆಗಳನ್ನು ದಾರಿಯ ಮೇಲೆ ಎಳೆದುಕೊಂಡು ಹೋಗಿರುತ್ತಾರೆ, ಆಗ ನೂರು ಮೀಟರಿಗೊಂದು ಮುಳ್ಳು ಗ್ಯಾರಂಟಿ. ಇನ್ನೊಂದು ನೆಗ್ಗಿಲು. ನೆಲಕ್ಕೆ ಹಬ್ಬಿ ಹಳದಿ ಹೂ ಬಿಡುವ ಈ ಬಳ್ಳಿಯ ಕಾಯಿ ಹೇಗೆ ಬಿದ್ದರೂ ಅದರ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಮಳೆಗಾಲ ಮುಗಿದು ಬಳ್ಳಿ ಒಣಗಿದ ಮೇಲೆ ದಾರಿಯಂಚಿನಲ್ಲಿ ಸೈಕಲ್ ನಿಲ್ಲಿಸಿದರೂ ಸಾಕು, ಟೈರಿಗೆ ಐದಾರು ಅಂಟಿಕೊಂಡಿರುತ್ತವೆ.

ಟ್ಯೂಬ್ ಹಾಕಿದ ಸೈಕಲ್ಲಿಗೆ ಇದು ನರಕ. ಒಂದು ಪಂಚರ್ ಹಾಕಿ ಏಳುವಷ್ಟರಲ್ಲಿ ಇನ್ನೊಂದು ಕಡೆಯಿಂದ ಗಾಳಿ ಹೋಗುತ್ತಿರುತ್ತದೆ. ಹೊರಗೆ ಕಾಣದಂತೆ ಉಳಿದ ಮುಳ್ಳಿನ ತುದಿ ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಹಾಗಾಗಿ ಪ್ಯಾಚ್ ಅಂಟಿಸುವ ಮೊದಲು ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಸುತ್ತಲೂ ಒರೆಸಬೇಕು. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಬರಿ ಬೆರಳಿನಿಂದ ಹುಡುಕಿದರೆ ಸಿಗುವುದು ರಕ್ತ.

ಟ್ಯೂಬ್‌ಲೆಸ್ಸಿನಲ್ಲಿ ಇದೇ ಮುಳ್ಳುಗಳು ಹೆಚ್ಚಿನ ಸಲ ಗೊತ್ತೇ ಆಗುವುದಿಲ್ಲ, ಟೈರಿನೊಳಗಿನ ಸೀಲೆಂಟ್ ಎಂಬ ದ್ರವ ತೂತನ್ನು ಮುಚ್ಚಿಬಿಡುತ್ತದೆ. 40 ಎಂಎಂ ಟೈರಿಗೆ 60ರಿಂದ 80 ಎಂಎಲ್ ಸೀಲೆಂಟ್, 29×2.2ಕ್ಕೆ 100ರಿಂದ 120 ಎಂಎಲ್ ಬೇಕು. ನಮ್ಮ ಬಿಸಿಲಿಗೆ ಅಳತೆಯ ಮೇಲ್ತುದಿಯನ್ನೇ ಹಿಡಿಯುವುದು ಒಳ್ಳೆಯದು. ಡಬ್ಬಿಯ ಮೇಲೆ ಆರು ತಿಂಗಳು ಎಂದು ಬರೆದಿದ್ದರೂ ಮಾರ್ಚಿಯಿಂದ ಮೇ ತನಕ ಲ್ಯಾಟೆಕ್ಸ್ ಸೀಲೆಂಟ್ ಎರಡು, ಹೆಚ್ಚೆಂದರೆ ಮೂರು ತಿಂಗಳಿಗೆ ಒಣಗಿ ತೆಳು ಪೊರೆಯಾಗುತ್ತದೆ. ಚಕ್ರ ಕಿವಿ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ನೀರಿನ ಸದ್ದು ಕೇಳದಿದ್ದರೆ ಅದು ಸೀಲೆಂಟ್ ಇಲ್ಲದ ಟೈರೇ. ಚುಚ್ಚಿದ ಮುಳ್ಳನ್ನು ದಾರಿಯಲ್ಲೇ ಕೀಳುವ ಅವಸರ ಬೇಡ, ಅದೇ ಬಿರಡೆಯ ಕೆಲಸ ಮಾಡುತ್ತಿರುತ್ತದೆ. ಮನೆಗೆ ಬಂದು ಮುಳ್ಳಿರುವ ಜಾಗ ಕೆಳಗೆ ಬರುವಂತೆ ಚಕ್ರ ತಿರುಗಿಸಿ ಕಿತ್ತರೆ ಸೀಲೆಂಟ್ ಅಲ್ಲಿಗೇ ಹರಿದು ಮುಚ್ಚುತ್ತದೆ.

ಟ್ಯೂಬ್‌ಲೆಸ್ ಹಾಕಿಸುವಾಗ ಕೆಲಸ ಕೆಡುವುದು ಗಾಳಿ ಸೋರದಂತೆ ರಿಮ್ಮಿನೊಳಗೆ ಅಂಟಿಸುವ ರಿಮ್ ಟೇಪಿನಲ್ಲಿ. ಟೇಪು ರಿಮ್ಮಿನ ಒಳ ಅಗಲಕ್ಕಿಂತ 2ರಿಂದ 4 ಎಂಎಂ ಅಗಲವಿರಬೇಕು. ಒರೆಸಿದ, ಎಣ್ಣೆಯಿಲ್ಲದ ರಿಮ್ಮಿಗೆ ಬಿಗಿಯಾಗಿ ಎಳೆದು ಅಂಟಿಸಬೇಕು. ವಾಲ್‌ಗೆ ತೂತು ಮಾಡುವಾಗ ಕತ್ತರಿಯಿಂದ ಸೀಳದೆ, ಕಾಸಿದ ಮೊಳೆಯಿಂದ ಕರಗಿಸಿದರೆ ಹರಿಯುವುದಿಲ್ಲ. ಟೈರು ರಿಮ್ಮಿನ ಅಂಚಿಗೆ ಕೂರಲು ಒಮ್ಮೆಲೇ ನುಗ್ಗುವ ಗಾಳಿ ಬೇಕು, ಕೈಪಂಪು ಸಾಲದು. ಪಂಚರ್ ಅಂಗಡಿಯ ಕಂಪ್ರೆಸರ್ ಸಾಕು, ಆದರೆ ಪ್ರೆಸ್ಟಾ ಎಂಬ ಸಣ್ಣ ವಾಲಿಗೆ ಹಿತ್ತಾಳೆಯ ಅಡಾಪ್ಟರ್ ನಿಮ್ಮ ಜೇಬಿನಲ್ಲೇ ಇರಬೇಕು. ಅಂಚಿಗೆ ಸೋಪಿನ ನೀರು ಹಚ್ಚಿ ಗಾಳಿ ಬಿಟ್ಟರೆ ಟಪ್ ಟಪ್ ಎಂದು ಎರಡು ಸದ್ದು ಬರುತ್ತದೆ. ಬರದಿದ್ದರೆ ವಾಲಿನ ಒಳಗಿನ ಕೋರ್ ಬಿಚ್ಚಿ, ಗಾಳಿಯ ಗನ್ನನ್ನು ನೇರ ವಾಲಿಗೇ ಒತ್ತಿ ಹಿಡಿಯಬೇಕು. ಟೈರು ಕೂತ ಮೇಲೆ ಗಾಳಿ ತೆಗೆದು, ಕೋರ್ ಬಿಚ್ಚಿದ ದಾರಿಯಲ್ಲೇ ಸೀಲೆಂಟ್ ಸುರಿದು, ಮತ್ತೆ ಗಾಳಿ ತುಂಬಿ ಚಕ್ರವನ್ನು ಎರಡೂ ಮಗ್ಗುಲಿಗೆ ಮಲಗಿಸಿ ತಿರುಗಿಸಬೇಕು. ರಿಮ್ಮಿನ ಮೇಲೆ ಬರೆದ ಗರಿಷ್ಠ ಒತ್ತಡ ಮೀರಬೇಡಿ. ದೊಡ್ಡ ಸೀಳಿಗೆ ಬೈಕಿನ ದಪ್ಪ ಸ್ಟ್ರಿಪ್ ತುರುಕಿದರೆ ಸೈಕಲ್ಲಿನ ತೆಳು ಟೈರು ಇನ್ನಷ್ಟು ಹರಿಯುತ್ತದೆ. ಸೈಕಲ್ಲಿಗೆಂದೇ ಮಾಡಿದ ಸಣ್ಣ ಪ್ಲಗ್ಗನ್ನೇ ಇಟ್ಟುಕೊಳ್ಳಿ.

ಕರಿ ಸೈಕಲ್ಲಿಗೆ ಈ ಯಾವ ಸೌಕರ್ಯವೂ ಇಲ್ಲ. ಅದರ ಪಂಚರ್ ಮಾತ್ರ ಯಾವ ಹಳ್ಳಿಯಲ್ಲಾದರೂ ಹತ್ತು ನಿಮಿಷದ ಕೆಲಸ, ವಾಲ್ ಟ್ಯೂಬು ಕಿರಾಣಿ ಅಂಗಡಿಯಲ್ಲೂ ಸಿಗಬಹುದು. ಗ್ರಾವೆಲ್ ಟೈರು ಮಗ್ಗುಲಲ್ಲಿ ಸೀಳಿದರೆ ಅದರ ಅಳತೆಯ ಟೈರು ಪೇಟೆಯಲ್ಲೂ ತರಿಸಿಕೊಳ್ಳಬೇಕು.

ನಾಲೆಯ ಏರಿ

ದಾವಣಗೆರೆ, ಚನ್ನಗಿರಿ ಕಡೆಯ ನಾಲೆ ಏರಿಗಳಲ್ಲಿ ಗ್ರಾವೆಲ್ ಸೈಕಲ್ಲಿಗೆ ಎದುರಿಲ್ಲ. ನೆಲ ಸಮತಟ್ಟು, ತಿರುವು ಕಡಿಮೆ, ಮಣ್ಣು ಕೂತು ಗಟ್ಟಿಯಾಗಿರುತ್ತದೆ. ಟೈರಿನ ಗಾಳಿಯ ಒತ್ತಡ ಮುಂದೆ 32, ಹಿಂದೆ 35 ಪಿಎಸ್‌ಐ ಇಟ್ಟರೆ ಅದೇ ಶ್ರಮಕ್ಕೆ ಎಂಟಿಬಿಗಿಂತ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಹೆಚ್ಚು ಹೋಗುತ್ತದೆ. ಅದರಲ್ಲೂ ಜೂನ್‌ನಿಂದ ಆಗಸ್ಟ್ ತನಕ ಬೀಸುವ ಪಡುವಣ ಗಾಳಿಗೆ ಹ್ಯಾಂಡಲ್ಲಿನ ಕೆಳಭಾಗ ಹಿಡಿದು ಬಗ್ಗಿ ತುಳಿಯುವ ಅನುಕೂಲ ಉಳಿದೆರಡರಲ್ಲಿ ಇಲ್ಲ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಪಶ್ಚಿಮಕ್ಕೆ ಹೊರಟು, ಸುಸ್ತಾದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬರುವಂತೆ ದಾರಿ ಹಾಕಿಕೊಳ್ಳಿ.

ಕರಿ ಸೈಕಲ್ ಇಲ್ಲಿ ನಿಧಾನವಾದರೂ ಸುಖವಾಗಿಯೇ ಹೋಗುತ್ತದೆ. ಭತ್ತದ ಕಟಾವಿನ ವಾರಗಳಲ್ಲಿ ಮಾತ್ರ ಏರಿಯನ್ನು ಮರೆತುಬಿಡಿ. ಕಟಾವು ಯಂತ್ರ ಎದುರು ಬಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ.

ಗುಡ್ಡದ ಗರಸು

ಫ್ಯಾನುಗಳ ರೆಕ್ಕೆ ಸಾಗಿಸಲು, ಕ್ರೇನ್ ಹತ್ತಿಸಲು ಮಾಡಿದ ರಸ್ತೆಗಳಾದ್ದರಿಂದ ತಿರುವುಗಳು ಅಗಲ. ಆದರೆ ಗರಸು ಸಡಿಲ, ಒಂದು ಮಳೆಗಾಲ ಕಳೆದರೆ ನಡುವೆ ಕೊರಕಲು ಬೀಳುತ್ತದೆ. ದುರ್ಗದ ಗುಡ್ಡಗಳಲ್ಲಿ ಚೂಪಾದ ಬೆಣಚುಕಲ್ಲಿನ ಚೂರು ಬೇರೆ. ಟೈರಿನ ಮಗ್ಗುಲು ಸೀಳುವುದು ಹೆಚ್ಚಾಗಿ ಇದರಿಂದಲೇ, ಮುಳ್ಳಿನಿಂದಲ್ಲ.

ಹತ್ತುವಾಗ ಗೇರಿನ ಲೆಕ್ಕ ನೋಡಿ. ಪೆಡಲ್ ಒಂದು ಸುತ್ತು ತಿರುಗಿದರೆ ಅತಿ ಹಗುರ ಗೇರಿನಲ್ಲಿ ಗ್ರಾವೆಲ್ ಸೈಕಲ್ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ, ಎಂಟಿಬಿ 1.45 ಮೀಟರ್, ಕರಿ ಸೈಕಲ್ 5.4 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗ್ರಾವೆಲ್ ಸೈಕಲ್ಲಿನಲ್ಲಿ ಗಂಟೆಗೆ 7 ಕಿಲೋಮೀಟರ್ ವೇಗ ಬರುತ್ತದೆ, ಎಂಟಿಬಿಯಲ್ಲಿ 5ರ ಆಸುಪಾಸು. ಡಾಂಬರಿನಲ್ಲಿ ಇದು ದೊಡ್ಡ ವ್ಯತ್ಯಾಸವಲ್ಲ. ಸಡಿಲ ಗರಸಿನಲ್ಲಿ ಗೇರು ಭಾರವಾದಾಗ ಸವಾರ ಸೀಟಿನಿಂದ ಏಳುತ್ತಾನೆ, ಎದ್ದ ಕ್ಷಣ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಅದು ನಿಂತಲ್ಲೇ ಸುತ್ತುತ್ತದೆ, ಕಾಲು ಕೆಳಗೆ. ಎಂಟಿಬಿಯಲ್ಲಿ ಕೂತೇ ಹತ್ತಬಹುದು. ಟೈರಿಗೆ ಮುಂದೆ 22, ಹಿಂದೆ 25 ಪಿಎಸ್‌ಐ ಸಾಕು. ಕರಿ ಸೈಕಲ್ಲನ್ನು ತಳ್ಳಿಕೊಂಡೇ ಹೋಗಬೇಕು, ಅದರಲ್ಲಿ ನಾಚಿಕೆಯೇನಿಲ್ಲ.

ಇಳಿಯುವಾಗ ಅಂತರ ಇನ್ನೂ ಹೆಚ್ಚು. ರಾಡ್ ಬ್ರೇಕಿನ ಸೈಕಲ್ಲಿನಲ್ಲಿ ಗುಡ್ಡ ಇಳಿಯಬೇಡಿ. ಕಬ್ಬಿಣದ ರಿಮ್ ಒದ್ದೆಯಾದರೆ ಬ್ರೇಕು ಹಿಡಿದೂ ಹಿಡಿಯದಂತೆ. ಗ್ರಾವೆಲ್ ಸೈಕಲ್ಲಿನಲ್ಲಿ ಮೇಲಿನ ಹಿಡಿಯಿಂದ ಬ್ರೇಕ್ ಒತ್ತಿದರೆ ಬೆರಳು ಬೇಗ ಸೋಲುತ್ತದೆ, ಹ್ಯಾಂಡಲ್ಲಿನ ಕೆಳಭಾಗ ಹಿಡಿದೇ ಇಳಿಯಬೇಕು. ವೈರಿನ ಡಿಸ್ಕ್ ಬ್ರೇಕಾದರೆ ಹತ್ತುವ ಮೊದಲೇ ಒಳಗಿನ ಪ್ಯಾಡಿನ ತಿರುಪನ್ನು ಒಂದೆರಡು ಕ್ಲಿಕ್ ಬಿಗಿ ಮಾಡಿ, ದೂಳಿನಲ್ಲಿ ಪ್ಯಾಡ್ ಬೇಗ ಸವೆಯುತ್ತದೆ. ಶಾಕ್ ಇರುವ ಎಂಟಿಬಿಯಲ್ಲಿ ಇಷ್ಟೆಲ್ಲ ಯೋಚಿಸಬೇಕಿಲ್ಲ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳಿ, ಅವರು ಹೇಳಿದ ಹೊತ್ತಿನಲ್ಲೇ ಹೋಗಿ ಬನ್ನಿ. ಚಿರತೆ, ಕರಡಿ ಇರುವ ಕಾಡು, ನಸುಕಿನಲ್ಲಿ ಸದ್ದಿಲ್ಲದೆ ಬರುವ ಸೈಕಲ್ಲಿಗೆ ಕರಡಿ ದಾರಿ ಬಿಡುತ್ತದೆಂದು ನಂಬಬೇಡಿ. ಫ್ಯಾನಿನ ರಸ್ತೆಗಳಲ್ಲೂ ಕಾವಲುಗಾರರನ್ನು ಕೇಳಿಯೇ ಮುಂದೆ ಹೋಗುವುದು ಸರಿ. ಮೇಲೆ ನೀರು ಸಿಗುವುದಿಲ್ಲ, ಬೇಸಿಗೆಯಲ್ಲಿ ಒಬ್ಬರಿಗೆ 3 ಲೀಟರ್ ಹೊತ್ತುಕೊಳ್ಳಿ.

ಒಂದೇ ಸೈಕಲ್ ಕೊಳ್ಳುವವರಾದರೆ ನಮ್ಮ ಆಯ್ಕೆ ಎಂಟಿಬಿ, ಆದರೆ ಅಂಗಡಿಯಿಂದ ಬಂದ ಹಾಗೆ ಅಲ್ಲ. ದೊಡ್ಡ ಗುಬುಟಿನ ಟೈರ್ ತೆಗೆದು, ನಡುವೆ ನುಣುಪಾಗಿ ಅಂಚಿನಲ್ಲಿ ಗುಬುಟಿರುವ 29×2.1 ಹಾಕಿಸಿ, ಟ್ಯೂಬ್‌ಲೆಸ್ ಮಾಡಿಸಿ, ಏರಿಯ ಮೇಲೆ ಶಾಕನ್ನು ಲಾಕ್ ಮಾಡಿ ಓಡಿಸಿದರೆ ಗ್ರಾವೆಲ್ ಸೈಕಲ್ಲಿನ ಹತ್ತಿರ ಹತ್ತಿರ ಬರುತ್ತದೆ. ಗ್ರಾವೆಲ್ ಸೈಕಲ್ ಈಗಾಗಲೇ ಇದ್ದರೆ ಫ್ರೇಮಿನಲ್ಲಿ ಹಿಡಿಸುವಷ್ಟು ಅಗಲದ ಟೈರು ಹಾಕಿ, ಆದರೆ ಎರೆ ಮಣ್ಣಿನ ಕಡೆ ಹೋಗುವವರು ಮುಂದಿನದನ್ನು ಓದಿ.

ಎರೆ

ಹಿರಿಯೂರು, ಜಗಳೂರು ಕಡೆಯ ಎರೆ ಹೊಲದ ದಾರಿ ಒಣಗಿದ್ದಾಗ ಮೂರಕ್ಕೂ ಸಲೀಸು. ಒದ್ದೆಯಾದಾಗ ಮೂರೂ ಸೋಲುತ್ತವೆ, ಸೋಲುವ ಬಗೆ ಮಾತ್ರ ಬೇರೆ. 40 ಎಂಎಂ ಟೈರಿನ ಗ್ರಾವೆಲ್ ಸೈಕಲ್ಲಿಗೆ ಫ್ರೇಮಿನಲ್ಲಿ ಎರಡೂ ಕಡೆ ನಾಲ್ಕೈದು ಎಂಎಂ ಸಂದು ಉಳಿದಿರುತ್ತದೆ, ಐವತ್ತು ಮೀಟರಿಗೆ ಚಕ್ರ ನಿಲ್ಲುತ್ತದೆ. ಎಂಟಿಬಿ ಇನ್ನೂ ಸ್ವಲ್ಪ ದೂರ ಎಳೆಯುತ್ತದೆ, ಅಪಾಯ ಇರುವುದೂ ಅಲ್ಲೇ. ಕಚ್ಚಿಕೊಂಡ ಮಣ್ಣಿನ ಮೇಲೆ ಬಲ ಹಾಕಿ ತುಳಿದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ತಿರುಚಿ ಕಡ್ಡಿಗಳೊಳಗೆ ಹೋಗುತ್ತದೆ, ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಮುರಿಯುತ್ತದೆ. ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಒಂದನ್ನು ಚೀಲದಲ್ಲಿ ಇಡಿ, ಅದು ಇನ್ನೊಂದು ಫ್ರೇಮಿಗೆ ಹೊಂದುವುದು ಅಪರೂಪ. ಕರಿ ಸೈಕಲ್ಲಿನ ಮಡ್‌ಗಾರ್ಡೊಳಗೂ ಮಣ್ಣು ಗಿಜಿಗುಡುತ್ತದೆ, ಆದರೆ ಮುರಿಯಲು ಅದರಲ್ಲಿ ಏನೂ ಇಲ್ಲ. ಕಡ್ಡಿಯಿಂದ ಕೆರೆದು ತಳ್ಳಿಕೊಂಡು ಬರಬಹುದು.

ಮಳೆಯ ಮಾರನೆ ದಿನ ದಾರಿಯಲ್ಲಿ ಎತ್ತಿನ ಗೊರಸಿನ ಗುರುತು ನೋಡಿ. ಗುರುತಿನ ಅಂಚು ಹೊಳೆಯುತ್ತಿದ್ದರೆ ಅಲ್ಲಿಂದಲೇ ಸೈಕಲ್ ತಿರುಗಿಸಿ. ಅಂಚು ಬೆಳ್ಳಗಾಗಿ ಬಿರುಕು ಬಿಟ್ಟಿದ್ದರೆ ಮುಂದೆ ಹೋಗಬಹುದು, ಆದರೆ ಗಟ್ಟಿಯಾದ ಆ ಗೊರಸಿನ ಗುಂಡಿಗಳ ಮೇಲೆ ಗ್ರಾವೆಲ್ ಸೈಕಲ್ಲಿನವರ ಮುಂಗೈ ಸಂಜೆಯ ತನಕ ನಡುಗುತ್ತಿರುತ್ತದೆ.