ಹಳೇ ಅಂಬಾಸಡರ್ ಬ್ರೇಕಿಗೆ ರಬ್ಬರ್ ಕಿಟ್ ಸಾಕಾ?

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಅಂಬಾಸಡರ್ ಕೊಂಡು ತಂದವರಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಬ್ರೇಕ್ ಕೆಲಸಕ್ಕೆ ಮೂರು ದಾರಿ ಇವೆ. ಸ್ಪೇರ್ ಅಂಗಡಿಯ ರಬ್ಬರ್ ಕಿಟ್ (ಬ್ರೇಕ್ ಸಿಲಿಂಡರಿನೊಳಗಿನ ರಬ್ಬರ್ ಕಪ್‌ಗಳ ಸೆಟ್) ಹಾಕುವುದು, ಹಳೇ ಸಿಲಿಂಡರಿಗೆ ಲೇಥಿನಲ್ಲಿ ಸ್ಲೀವ್ (ಒಳಗೋಡೆಯಾಗುವ ತೆಳು ಲೋಹದ ಕೊಳವೆ) ಕೂರಿಸುವುದು, ಇಲ್ಲವೇ ಸಿಲಿಂಡರನ್ನೇ ಹೊಸದು ತರುವುದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಈ ಗಾಡಿಯ ತಯಾರಿಕೆ ನಿಂತದ್ದು 2014ರಲ್ಲಿ. ಸಾಮಾನು ಇನ್ನೂ ಸಿಗುತ್ತದೆ, ಗುಣ ಮಾತ್ರ ಒಂದೊಂದು ಪಾಕೀಟಿನಲ್ಲಿ ಒಂದೊಂದು ಥರ. ಇಲ್ಲಿ ಬರೆದಿರುವುದು ನಾಲ್ಕೂ ಚಕ್ರಕ್ಕೆ ಡ್ರಮ್ ಇದ್ದು, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಚಕ್ರಗಳ ಕಡೆ ಆಯಿಲ್ ತಳ್ಳುವುದು) ಡ್ರೈವರ್ ಕಾಲಡಿಯ ನೆಲದ ಕೆಳಗೆ ಕೂತಿರುವ ಹಳೇ ಮಾದರಿಗೆ.

ರಬ್ಬರ್ ಕಿಟ್ ಅಗ್ಗ, ಅರ್ಧ ದಿನದ ಕೆಲಸ. ಹಾಗಾಗಿ ಎಲ್ಲರೂ ಮೊದಲು ಅದನ್ನೇ ಹಾಕಿಸುತ್ತಾರೆ, ಎಷ್ಟೋ ಗಾಡಿಗಳಲ್ಲಿ ಅದೇ ದುಡ್ಡು ಎರಡನೇ ಸಲ ಹೋಗುತ್ತದೆ. ತಪ್ಪು ಕಿಟ್ಟಿನದಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಗಾಡಿ ನಿಂತಲ್ಲೇ ನಿಂತರೆ ಆ ತೇವ ಸಿಲಿಂಡರಿನ ತಳಭಾಗವನ್ನು ತಿಂದು ಸಣ್ಣ ಸಣ್ಣ ಕುಳಿ ಮಾಡುತ್ತದೆ. ಹೊಸ ರಬ್ಬರ್ ಕಪ್ ಆ ಕುಳಿಗಳ ಮೇಲೆ ಹಿಂದೆ ಮುಂದೆ ಓಡಾಡಿ ಅಂಚು ಹರಿದುಕೊಳ್ಳುತ್ತದೆ, ಮತ್ತೆ ಸೋರಿಕೆ.

ಆದ್ದರಿಂದ ಕಿಟ್ ಕೊಳ್ಳುವ ಮೊದಲು ಪಿಸ್ಟನ್ ಹೊರಗೆ ತೆಗೆದು, ಒಳಗೋಡೆಯನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ನೋಡಬೇಕು. ಬರೀ ಕಂದು ಕಲೆ ಇದ್ದರೆ ನುಣುಪು ಪಾಲಿಶ್ ಪೇಪರಿನಿಂದ ಹಗುರವಾಗಿ ತಿಕ್ಕಿದರೆ ಹೋಗುತ್ತದೆ, ಕಿಟ್ ಸಾಕು. ಉಗುರು ಆಡಿಸಿದಾಗ ಎಲ್ಲಾದರೂ ಸಿಕ್ಕಿಕೊಂಡರೆ ಕಿಟ್ ಮರೆತುಬಿಡಿ. ಕುಳಿ ಹೋಗಲಿ ಎಂದು ಜಾಸ್ತಿ ತಿಕ್ಕಿದರೆ ವ್ಯಾಸ ದೊಡ್ಡದಾಗಿ ಕಪ್ ಸಡಿಲಾಗುತ್ತದೆ. ಮುಂದಿನ ಚಕ್ರಕ್ಕೆ ಎರಡೆರಡು, ಹಿಂದಿನದಕ್ಕೆ ಒಂದೊಂದು, ಹೀಗೆ 6 ವೀಲ್ ಸಿಲಿಂಡರ್, ಜೊತೆಗೆ ಮಾಸ್ಟರ್. ಒಂದನ್ನು ನೋಡಿ ಉಳಿದವೂ ಹಾಗೇ ಇರುತ್ತವೆ ಅಂದುಕೊಳ್ಳಬಾರದು. ನಾಲ್ಕೂ ಚಕ್ರಕ್ಕೆ ಆಯಿಲಿನ ದಾರಿ ಒಂದೇ ಆಗಿರುವ ಇಂಥ ಬ್ರೇಕಿನಲ್ಲಿ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ.

ಈ ಮೂರರಲ್ಲಿ ನಮ್ಮ ಮೆಚ್ಚುಗೆ ಸ್ಲೀವ್ ಕೆಲಸಕ್ಕೆ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಂಥ ಕಡೆ ಲೇಥ್ ಕೆಲಸದವರು ಇರುವುದೇ ಈ ಊರಿನ ದೊಡ್ಡ ಅನುಕೂಲ. ಸಿಲಿಂಡರ್ ಕೊರೆದು, ಸ್ಟೇನ್‌ಲೆಸ್ ಇಲ್ಲವೇ ಹಿತ್ತಾಳೆ ಸ್ಲೀವ್ ಒತ್ತಿ ಕೂರಿಸಿ, ಮೊದಲಿನ ಅಳತೆಗೇ ಹೋನಿಂಗ್ (ಒಳಗೋಡೆ ನುಣುಪಾಗಿ ಉಜ್ಜುವುದು) ಮಾಡಿಸಿದರೆ ತುಕ್ಕಿನ ಕಾಟ ಮುಗಿಯಿತು. ಎಡವುವುದು ಮಾಸ್ಟರ್ ಸಿಲಿಂಡರಿನಲ್ಲಿ. ಅದರ ಗೋಡೆಯಲ್ಲಿ ಸೂಜಿ ತೂರುವಷ್ಟೇ ಸಣ್ಣ ತೂತು ಒಂದಿದೆ. ಪೆಡಲ್ ಬಿಟ್ಟಾಗ ಆಯಿಲ್ ಅದರ ಮೂಲಕವೇ ಬ್ರೇಕ್ ಆಯಿಲ್ ಟ್ಯಾಂಕಿಗೆ ವಾಪಸ್ ಹೋಗಬೇಕು. ಸ್ಲೀವಿನಲ್ಲಿ ಅದನ್ನು ಸರಿಯಾದ ಜಾಗಕ್ಕೆ ಮತ್ತೆ ಕೊರೆದು, ಒಳಅಂಚಿನ ಮುಳ್ಳು ತೆಗೆಯದಿದ್ದರೆ ಎರಡು ತೊಂದರೆ: ಮುಳ್ಳು ಕಪ್ ಹರಿಯುತ್ತದೆ, ತೂತು ಮುಚ್ಚಿದ್ದರೆ ಬ್ರೇಕ್ ಹಿಡಿದುಕೊಂಡೇ ಉಳಿದು ನಾಲ್ಕೂ ಡ್ರಮ್ ಬಿಸಿಯೇರುತ್ತವೆ. ಪರೀಕ್ಷೆ ಸುಲಭ. ಟ್ಯಾಂಕಿನ ಮುಚ್ಚಳ ತೆಗೆದು ಒಬ್ಬರು ಪೆಡಲನ್ನು ಮೆಲ್ಲಗೆ ಸ್ವಲ್ಪವೇ ಒತ್ತಲಿ; ಆಯಿಲಿನ ಮೇಲೆ ಸಣ್ಣ ಬುಗ್ಗೆ ಏಳಬೇಕು. ಕಣ್ಣು ದೂರ ಇಡಿ.

ಹೊಸ ಸಿಲಿಂಡರ್ ಸಿಕ್ಕರೆ ಬೇಡ ಅನ್ನಬೇಕಿಲ್ಲ. ಆದರೆ ಡಬ್ಬಿಯಿಂದ ತೆಗೆದ ಹಾಗೇ ಹಾಕಬೇಡಿ. ಬಿಚ್ಚಿ, ಒಳಗೆ ಲೋಹದ ಚೂರು ಇದೆಯೇ ನೋಡಿ, ಬ್ರೇಕ್ ಆಯಿಲಿನಲ್ಲೇ ತೊಳೆದು ಜೋಡಿಸಿ. ಪೆಟ್ರೋಲ್, ಡೀಸೆಲ್, ಗ್ರೀಸ್ ತಾಕಿದರೆ ರಬ್ಬರ್ ಉಬ್ಬುತ್ತದೆ.

ಸಿಲಿಂಡರ್ ಎಷ್ಟೇ ಚೆನ್ನಾಗಿದ್ದರೂ 3 ಹೋಸ್ ಪೈಪ್ ಹಳೆಯವೇ ಉಳಿದರೆ ಕೆಲಸ ಅರ್ಧವಾದಂತೆ. ಮುಂದೆ ಎರಡು, ಹಿಂದಿನ ಆಕ್ಸಲ್‌ಗೆ ಒಂದು. ಹೊರಗೆ ಸರಿ ಕಂಡರೂ ಒಳಗೆ ಉಬ್ಬಿ, ಒತ್ತಿದಾಗ ಆಯಿಲ್ ಬಿಟ್ಟು ವಾಪಸ್ ಬರಲು ಬಿಡುವುದಿಲ್ಲ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಕಬ್ಬಿಣದ ಪೈಪ್ ತುಕ್ಕು ಹಿಡಿದಿದ್ದರೆ ಫ್ರಿಜ್ ರಿಪೇರಿಯ ತಾಮ್ರದ ಪೈಪ್ ಬಗ್ಗಿಸಿ ಕೊಡುವವರಿದ್ದಾರೆ. ಒಪ್ಪಬೇಡಿ, ಶುದ್ಧ ತಾಮ್ರ ನಡುಕಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ಬ್ರೇಕಿಗೆಂದೇ ಬರುವ ಉಕ್ಕಿನ ಇಲ್ಲವೇ ತಾಮ್ರ-ನಿಕಲ್ ಪೈಪೇ ಬೇಕು.

ಲೈನರ್ (ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಪಟ್ಟಿ) ರಿವೆಟ್ ಕೆಲಸ ಎಲ್ಲ ಕಡೆ ಆಗುತ್ತದೆ. ಆಯಿಲ್ ಕುಡಿದ ಲೈನರನ್ನು ಸುಟ್ಟು, ತೊಳೆದು ಮತ್ತೆ ಹಾಕುವ ಪದ್ಧತಿ ಮಾತ್ರ ಬಿಡಬೇಕು. ಹಿಂದಿನ ಚಕ್ರದಲ್ಲಿ ಆ ಎಣ್ಣೆ ಆಕ್ಸಲ್ ಸೀಲಿನದೂ ಆಗಿರಬಹುದು, ಸೀಲ್ ಬದಲಿಸದೆ ಲೈನರ್ ಹಾಕಿದರೆ ಅದೂ ಹಾಳು. ಗದಗ, ನವಲಗುಂದ ಕಡೆ ಓಡಿದ ಗಾಡಿಯಾದರೆ ಎರಿ ಮಣ್ಣು ಡ್ರಮ್ಮಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಗಾಳಿ ಹೊಡೆದು ತೆಗೆಯಬೇಡಿ, ಹಳೇ ಲೈನರ್ ಪುಡಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಉಸಿರಿಗೆ ಹೋಗಬಾರದು. ಒದ್ದೆ ಬಟ್ಟೆಯಿಂದ ಒರೆಸಿ.

ಬ್ರೇಕ್ ಆಯಿಲ್ ಡಾಟ್ 3 ದರ್ಜೆಯದು ಸಾಕು, ಡಾಟ್ 4 ಇನ್ನೂ ಒಳ್ಳೆಯದು: ಹೊಸದರ ಕುದಿಯುವ ಮಟ್ಟ ಕ್ರಮವಾಗಿ ಕನಿಷ್ಠ 205 ಮತ್ತು 230 ಡಿಗ್ರಿ, ತೇವ ಹೀರಿದ ಮೇಲೆ 140 ಮತ್ತು 155. ಅರ್ಧ ಲೀಟರ್ ಬಾಟಲಿ ತಂದು ಪೇಚಾಡಬೇಡಿ, 1 ಲೀಟರ್ ಇರಲಿ. ಪೈಪಿನೊಳಗೆ ಸೇರಿದ ಏರ್ ತೆಗೆಯುವುದನ್ನು ಮಾಸ್ಟರಿನಿಂದ ದೂರದ ಚಕ್ರದಿಂದ ಶುರು ಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮಾಸ್ಟರಿಗೆ ಸ್ಲೀವ್ ಹಾಕಿಸಿಲ್ಲದಿದ್ದರೆ ಪೆಡಲ್ ಕೆಳಗೆ ಕಟ್ಟಿಗೆ ತುಂಡು ಇಡಿ. ಪೆಡಲ್ ನೆಲ ಮುಟ್ಟಿದರೆ ಕಪ್ ಎಂದೂ ಓಡಾಡದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತದೆ.

ಕೆಲಸ ಮುಗಿಸಿ ಗಾಡಿ ಕೊಡುವಾಗ 1 ನಿಮಿಷ ಪೆಡಲನ್ನು ಜೋರಾಗಿ ಒತ್ತಿ ಹಿಡಿಯಿರಿ. ಕಾಲಡಿಯಲ್ಲಿ ಮೆಲ್ಲಗೆ ಕುಸಿದರೆ ಗ್ಯಾರೇಜಿನಿಂದ ಹೊರಡಬೇಡಿ. ಲೈನರ್ ಡ್ರಮ್ಮಿಗೆ ಹೊಂದಿಕೊಂಡ ಮೇಲೆ, ಸುಮಾರು 500 ಕಿಲೋಮೀಟರಿಗೆ ಮತ್ತೊಮ್ಮೆ ಅಡ್ಜಸ್ಟ್ ಮಾಡಿಸಿ. ಅದಾದ ಮೇಲೆಯೇ ಅಂಕೋಲಾ ದಾರಿ ಹಿಡಿದು ಅರಬೈಲ್ ಘಟ್ಟ ಇಳಿಯಿರಿ, ಅದೂ ಎರಡನೇ ಗೇರಿನಲ್ಲಿ.