ಗೋಡೆಯ ಹೊರಗೆ ಅಂಕಿ ತೋರಿಸುವ ಕಾಟಾ

ಲೋಕಾಪುರದಿಂದ ಮುಧೋಳದ ಕಡೆ ಹೊರಟರೆ, ಊರು ದಾಟಿದ ಮೇಲೆ ಎಡಗಡೆ ಒಂದು ಗಾಡಿ ತೂಕದ ಕಾಟಾ ಇದೆ. ಬೋರ್ಡಿನ ಮೇಲೆ ವೇ ಬ್ರಿಜ್ ಅಂತ ಬರೆದಿದ್ದಾರೆ, ಆದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಕಾಟಾನೇ. ನನ್ನವು ಎರಡು ಹತ್ತು ಗಾಲಿ ಟಿಪ್ಪರ್ ಇವೆ. ಖಣಿಯಿಂದ ಸುಣ್ಣಕಲ್ಲು, ಡೋಲಮೈಟ್ ಹೊಡೆಯುತ್ತೇವೆ. ಮೂರು ವರ್ಷದಿಂದ ಈ ಕಾಟಾ ಬಿಟ್ಟು ಬೇರೆ ಕಡೆ ನಾನಾಗಿ ಗಾಡಿ ಏರಿಸಿಲ್ಲ. ಯಾಕೆ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಒಂದು ಸಲ ಕೂತು ಬರೆದುಬಿಡೋಣ ಅನ್ನಿಸಿತು.

ಮೊದಲ ಕಾರಣ ಅಂಕಿ. ಬಹಳಷ್ಟು ಕಡೆ ತೂಕದ ಅಂಕಿ ಒಳಗೆ ಟೇಬಲ್ ಮೇಲೆ ಇರುತ್ತದೆ, ಆಪರೇಟರ್‌ಗೆ ಮಾತ್ರ ಕಾಣುತ್ತದೆ. ಡ್ರೈವರ್ ಕೈಗೆ ಬರುವುದು ಚೀಟಿ ಅಷ್ಟೇ. ಇಲ್ಲಿ ಹೊರಗಿನ ಗೋಡೆಯ ಮೇಲೆ, ಕ್ಯಾಬಿನ್‌ನಲ್ಲಿ ಕೂತವನ ಕಣ್ಣಿಗೆ ನೇರವಾಗಿ, ಗೇಣುದ್ದದ ಕೆಂಪು ಅಂಕಿಗಳಿವೆ. ಗಾಡಿ ಏರುವ ಮೊದಲು ಸೊನ್ನೆ ಕಾಣಬೇಕು. ಮುಂದಿನ ಗಾಲಿ ಏರಿದ ಕೂಡಲೇ ಅಂಕಿ ಓಡಲು ಶುರು. ಗಾಡಿ ಪೂರ್ತಿ ನಿಂತ ಮೇಲೂ ಹತ್ತು ಇಪ್ಪತ್ತು ಕೆಜಿ ಅತ್ತ ಇತ್ತ ಜಿಗಿದು, ಆಮೇಲೆ ನಿಲ್ಲುತ್ತದೆ. ಅದು ನಿಲ್ಲುವ ತನಕ ಒಳಗೆ ಕೂತ ಅಕ್ಕಾವ್ರು ಬಟನ್ ಒತ್ತುವುದಿಲ್ಲ. ಕಿಟಕಿಯಿಂದ ಮುಖ ಹೊರಗೆ ಹಾಕಿ "ನೋಡಿದ್ರೇನ್ರಿ?" ಅಂತ ಕೇಳುತ್ತಾರೆ. ನಮ್ಮ ಡ್ರೈವರ್ ಹುಡುಗ "ಹೂಂ ಅಕ್ಕಾರ" ಅಂದ ಮೇಲೇ ಚೀಟಿ.

ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ. ಮಳೆಗಾಲ ಮುಗಿದ ಮೇಲೆ, ನಾನು ಕಲ್ಲು ಹಾಕುತ್ತಿದ್ದ ಒಂದು ಕಡೆ ಪ್ರತಿ ಟ್ರಿಪ್ಪಿಗೂ ಶಾರ್ಟೇಜ್ ಬೀಳತೊಡಗಿತು. ಇಲ್ಲಿ ತೂಗಿದರೆ ಮಾಲು 17,310 ಕೆಜಿ. ಅಲ್ಲಿ 16,930. ನಡುವೆ 380 ಕೆಜಿ ಎಲ್ಲಿ ಹೋಯಿತು? ಮೊದಲು ನಮ್ಮ ಹುಡುಗನ ಮೇಲೆ ಅನುಮಾನ ಪಟ್ಟೆ. ಪಾಪ, ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಮಾರನೇ ದಿನ 360, ಅದರ ಮರುದಿನ 390. ದಾರಿಯಲ್ಲಿ ಕಲ್ಲು ಇಳಿಸಿದರೆ ದಿನಾ ಹೀಗೆ ಹತ್ತಿರ ಹತ್ತಿರ ಅಷ್ಟೇ ಕಡಿಮೆ ಆಗಲ್ಲ ಅಲ್ವಾ?

ದಾರಿ ತೋರಿಸಿದವರು ಕಾಟಾದ ಅಕ್ಕಾವ್ರೇ. "ಅಣ್ಣಾರ, ಅಲ್ಲಿ ನಿಮ್ಮ ಖಾಲಿ ಗಾಡಿ ತೂಕ ಯಾವತ್ತ ತಗೊಂಡಾರ, ಕೇಳ್ರಿ" ಅಂದರು.

ಕೇಳಿದೆ. ಜುಲೈ ತಿಂಗಳ ಒಂದು ಮಳೆ ದಿನ ತೆಗೆದುಕೊಂಡ ಖಾಲಿ ತೂಕವನ್ನು ಕಂಪ್ಯೂಟರಿನಲ್ಲಿ ಇಟ್ಟು, ನಾಲ್ಕು ತಿಂಗಳಿಂದ ಭರ್ತಿ ಗಾಡಿಯ ತೂಕದಲ್ಲಿ ಅದನ್ನೇ ಕಳೆಯುತ್ತಿದ್ದರು. 11,420 ಕೆಜಿ. ಆ ದಿನ ಡೀಸೆಲ್ ಟ್ಯಾಂಕ್ ಫುಲ್ ಇತ್ತು. 300 ಲೀಟರ್ ಡೀಸೆಲ್ ಅಂದರೆ ಸುಮಾರು 250 ಕೆಜಿ. ಡ್ರೈವರ್ ಜೊತೆ ಕ್ಲೀನರ್ ಕೂಡ ಕ್ಯಾಬಿನ್‌ನಲ್ಲೇ ಕೂತಿದ್ದ. ಬಾಡಿಯ ಮೂಲೆಗಳಲ್ಲಿ ಕೆಸರು ಮೆತ್ತಿಕೊಂಡು ಗಟ್ಟಿಯಾಗಿತ್ತು. ಕೆಸರು ಕೆರೆದು ತೆಗೆದು, ಡೀಸೆಲ್ ಅರ್ಧಕ್ಕಿಂತ ಕೆಳಗೆ ಇದ್ದಾಗ ಇಲ್ಲಿ ತೂಗಿದರೆ ಅದೇ ಗಾಡಿ 11,040. ಖಾಲಿ ಗಾಡಿ ಎಷ್ಟು ಭಾರ ಅಂತ ಬರೆದುಕೊಳ್ಳುತ್ತಾರೋ, ಮಾಲು ಅಷ್ಟು ಹಗುರ ಆಗುತ್ತದೆ. "ಕಂಪ್ಯೂಟರ್ ಹಂಗ ತೋರಸ್ತೈತಿ, ನಾವೇನ್ ಮಾಡೂಣ್ರಿ" ಅಂದರು ಅಲ್ಲಿಯವರು. ಈ ಕಾಟಾದ 61 ಚೀಟಿ ಟೇಬಲ್ ಮೇಲೆ ಇಟ್ಟೆ. ಒಟ್ಟು ಶಾರ್ಟೇಜ್ ಹತ್ತಿರ ಹತ್ತಿರ 23 ಟನ್. ಆಗ ಮಾತು ಬದಲಾಯಿತು. ಬಾಕಿಯಲ್ಲಿ ಅರ್ಧ ಕೊಟ್ಟರು, ಈಗ ಪ್ರತಿ ಟ್ರಿಪ್ಪಿಗೂ ಖಾಲಿ ತೂಕ ತೆಗೆಯುತ್ತಾರೆ. ನಮ್ಮ ಹುಡುಗನ ಹತ್ತಿರ ಹೋಗಿ ಅವನ ಕೈ ಹಿಡಿದು ತಪ್ಪಾಯಿತು ಅಂದೆ.

ಆ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಹಾಳೆಗೆ ಅಂಟಿಸಿ ಕೊಟ್ಟವಳು ನನ್ನ ಮಗಳು. ಬೆಳಗಾವಿಯಲ್ಲಿ ಕಾನೂನು ಓದುತ್ತಾಳೆ. ವಿದ್ಯಾರ್ಥಿಗಳೇ ವಕೀಲರಾಗಿ ವಾದ ಮಾಡುವ ಅಣಕು ಕೋರ್ಟಿಗೆ ಮೂಟ್ ಕೋರ್ಟ್ ಅನ್ನುತ್ತಾರೆ. ಕಾಲೇಜಿನಲ್ಲಿ ಅದರ ಸ್ಪರ್ಧೆಗೆ ತಯಾರಾಗುವಾಗ ಈ 'ಮೂಟ್' ಅನ್ನುವ ಪದದ ಹಿಂದೆ ಬಿದ್ದು, ಇಂಗ್ಲೆಂಡಿನ ಡರ್ಬಿಶೈರ್‌ನ ಸೀಸದ ಗಣಿಗಳ ತನಕ ಹೋಗಿದ್ದಳು. ದೀಪಾವಳಿಗೆ ಮನೆಗೆ ಬಂದಾಗ ನಾನು ಪಡಸಾಲೆಯಲ್ಲಿ ಚೀಟಿ ಹರಡಿಕೊಂಡು ಕೂತಿದ್ದು ನೋಡಿ, "ಅಪ್ಪಾ, ನಿಂದೂ ಅದ ಜಗಳ ಐತಿ ನೋಡು" ಅಂದಳು. ಅವತ್ತು ರಾತ್ರಿ ಅವಳು ಹೇಳಿದ್ದು ಕೇಳಿದ ಮೇಲೆ ನಾನು ಈ ಕಾಟಾ ನೋಡುವ ರೀತಿಯೇ ಬೇರೆಯಾಯಿತು. ಅದನ್ನೂ ಇಲ್ಲಿ ಹೇಳಲೇಬೇಕು.

ಅಲ್ಲಿ ವರ್ಕ್ಸ್‌ವರ್ತ್ ಅಂತ ಒಂದು ಊರು. ಅದರ ಸುತ್ತಲಿನ ರಾಜನ ಗಣಿ ಸೀಮೆಯಲ್ಲಿ ಯಾರು ಬೇಕಾದರೂ ಸೀಸದ ಅದಿರು ಹುಡುಕಿ ಅಗೆಯಬಹುದಿತ್ತು. ಬೇರೆಯವರ ಹೊಲದಲ್ಲೂ ಅಗೆಯಬಹುದು. ಚರ್ಚಿನ ಅಂಗಳ, ಕೈತೋಟ, ಹಣ್ಣಿನ ತೋಟ, ಹೆದ್ದಾರಿ ಇಷ್ಟು ಮಾತ್ರ ಮುಟ್ಟಬಾರದು. ಆದರೆ ಅಗೆದ ಅದಿರನ್ನು ಸುಮ್ನೆ ಹೇರಿಕೊಂಡು ಹೋಗುವ ಹಾಗಿರಲಿಲ್ಲ. ಬಾರ್‌ಮಾಸ್ಟರ್ ಅನ್ನುವ ಅಧಿಕಾರಿ ಬಂದು ಅಳೆಯಬೇಕು, ಆಮೇಲೇ ಅದು ಅಲ್ಲಿಂದ ಕದಲಬೇಕು. ಅಳತೆ ತೂಕದ್ದಲ್ಲ. ನಮ್ಮ ಸೇರಿನ ಹಾಗೆ ಒಂದು ಪಾತ್ರೆ. ಡಿಶ್ ಅನ್ನುತ್ತಿದ್ದರು. ಒಂಬತ್ತು ಡಿಶ್‌ಗೆ ಒಂದು ಲೋಡ್. ಹದಿಮೂರನೇ ಡಿಶ್ ರಾಜನ ಪಾಲು. ಇದಲ್ಲದೆ ಲೋಡಿಗೆ ಆರು ಪೆನ್ನಿ ಬೇರೆ. ಇದರ ಮೇಲೆ ಹತ್ತನೇ ಡಿಶ್ ನಮಗೆ ಕೊಡಿ ಅಂತ ಚರ್ಚಿನವರು ಪಟ್ಟು ಹಿಡಿದರು. ಬೆಳೆ ವರ್ಷ ವರ್ಷ ಬರುತ್ತದೆ, ಅಗೆದ ಅದಿರು ಮತ್ತೆ ಹುಟ್ಟುತ್ತದಾ, ಅದಕ್ಕೆ ಎಂಥ ಹತ್ತನೇ ಪಾಲು ಅನ್ನುವುದು ವಾದ. 17ನೇ ಶತಮಾನದಲ್ಲಿ ಇದು ಲಂಡನ್ನಿನ ಕೋರ್ಟುಗಳ ತನಕ ಹೋಯಿತು. ಅದೇ ಕಾಲದಲ್ಲಿ ಹ್ಯಾಡನ್ ಅನ್ನುವ ಕಡೆ ರಟ್ಲಂಡ್‌ನ ಅರ್ಲ್ ಅನ್ನುವ ದೊಡ್ಡ ಜಮೀನ್ದಾರ, ಯಾರು ಬೇಕಾದರೂ ಅಗೆಯುವ ಈ ಪದ್ಧತಿ ತನ್ನ ಜಮೀನಿನಲ್ಲಿ ನಡೆಯುವುದಿಲ್ಲ ಅಂದ. ಗಣಿಯವರು ನಡೆಯುತ್ತದೆ ಅಂದರು. ವರ್ಷಗಟ್ಟಲೆ ಜಗಳ. ಕೊನೆಗೆ ಹ್ಯಾಡನ್‌ನಲ್ಲಿ ಗಣಿಯವರ ಮಾತು ನಿಲ್ಲಲಿಲ್ಲ. ಇತ್ತ ವಿಜಯಪುರದಲ್ಲಿ ಗೋಳಗುಮ್ಮಟ ಏಳುತ್ತಿದ್ದ ಕಾಲ ಅದು.

ಇಂಥ ಜಗಳಗಳನ್ನೆಲ್ಲ ಮೊದಲು ಕೇಳಲು ಗಣಿಯವರದೇ ಬಾರ್‌ಮೋಟ್ ಅನ್ನುವ ಕೋರ್ಟ್ ಇತ್ತು. ಮೋಟ್ ಅಂದರೂ ಮೂಟ್ ಅಂದರೂ ಒಂದೇ, ಸಭೆ ಅಂತ ಅರ್ಥ. ಗಣಿ ಕೆಲಸ ಬಲ್ಲವರೇ ಅದರ ಜ್ಯೂರಿ. ವರ್ಕ್ಸ್‌ವರ್ತ್‌ನ ಮೂಟ್ ಹಾಲ್‌ನಲ್ಲಿ ಅದು ಈಗಲೂ ವರ್ಷಕ್ಕೊಮ್ಮೆ ಕೂಡುತ್ತದಂತೆ. 1653ರಲ್ಲಿ ಆ ಕೋರ್ಟಿನ ಅಧಿಕಾರಿ ಎಡ್ವರ್ಡ್ ಮ್ಯಾನ್‌ಲೊವ್ ಗಣಿಯ ಕಟ್ಟಳೆಗಳನ್ನೆಲ್ಲ ಪ್ರಾಸ ಕಟ್ಟಿ ಪದ್ಯ ಮಾಡಿದ. ಲಾವಣಿ ಕೇಳಿ ಬೆಳೆದ ನನಗೆ ಇದು ಬಹಳ ಹಿಡಿಸಿತು. ಹಾಡಿನಲ್ಲಿ ಬಂದ ಲೆಕ್ಕ ಓದು ಬರದವನಿಗೂ ಮರೆಯುವುದಿಲ್ಲ.

ನನ್ನ ಮನಸ್ಸಿನಲ್ಲಿ ಕೂತಿದ್ದು ಮಾತ್ರ ಆ ಪಾತ್ರೆ. ಎಂಟನೇ ಹೆನ್ರಿ ಪಟ್ಟಕ್ಕೆ ಬಂದ ನಾಲ್ಕನೇ ವರ್ಷದಲ್ಲಿ ಮಾಡಿಸಿದ ಒಂದು ಹಿತ್ತಾಳೆಯ ಡಿಶ್ ಇದೆ. ಉದ್ದನೆಯದು, ದೋಣಿಯ ಹಾಗೆ. ಅವರ ಲೆಕ್ಕದಲ್ಲಿ 14 ಪಿಂಟ್, ನಮ್ಮ ಲೆಕ್ಕದಲ್ಲಿ ಎಂಟು ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಅದರ ಮೈಮೇಲೆ ಬರೆದಿರುವುದನ್ನು ಮಗಳು ಎರಡು ಸಲ ಬಿಡಿಸಿ ಹೇಳಿದಳು: ಈ ಪಾತ್ರೆ ಮೂಟ್ ಹಾಲ್‌ನಲ್ಲಿ ಸರಪಳಿಗೆ ತೂಗಿಕೊಂಡಿರಬೇಕು. ವ್ಯಾಪಾರಿಯಾಗಲಿ ಗಣಿಯವನಾಗಲಿ ಯಾವ ಹೊತ್ತಿಗೂ ಬಂದು ತನ್ನ ಅಳತೆ ಸರಿ ಇದೆಯಾ ಅಂತ ಇದರಿಂದ ನೋಡಿಕೊಳ್ಳಬಹುದು. ಕೊಳ್ಳುವವನಿಗೂ ಅದೇ ಪಾತ್ರೆ, ಅಗೆಯುವವನಿಗೂ ಅದೇ. ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿಲ್ಲ. ಐನೂರು ವರ್ಷದ ಹಿಂದೆ ಅವರಿಗೆ ಅಷ್ಟು ತಿಳಿದಿತ್ತು.

ಸಾಗಿಸುವ ದಾರಿಗೂ ಅವರಲ್ಲಿ ಕಟ್ಟಳೆ ಇತ್ತು. ಗಣಿಯಿಂದ ಹತ್ತಿರದ ದೊಡ್ಡ ರಸ್ತೆಗೆ ದಾರಿ ಬಿಡಿಸಬೇಕಾದರೆ, ಬಾರ್‌ಮಾಸ್ಟರ್ ಮತ್ತು ಇಬ್ಬರು ಜ್ಯೂರಿಯವರು ಸಾಲಾಗಿ ನಿಂತು, ಕೈ ಅಗಲಿಸಿ ನಡೆದುಕೊಂಡು ಹೋಗುತ್ತಿದ್ದರು. ಮೂವರ ಕೈ ಎಷ್ಟು ಅಗಲವೋ ದಾರಿ ಅಷ್ಟು ಅಗಲ. ನಮ್ಮ ಖಣಿ ದಾರಿಯಲ್ಲಿ ಬದುವಿಗೆ ಮುಳ್ಳು ಹಚ್ಚಿ ಗಾಡಿ ನಿಲ್ಲಿಸಿದ್ದನ್ನು ಎಷ್ಟು ಸಲ ನೋಡಿದ್ದೇನೆ. ಅದರಲ್ಲಿ ಹೊಲದವರ ತಪ್ಪೂ ಇಲ್ಲ, ಧೂಳು ಕೂತರೆ ಬೆಳೆ ಹಾಳು. ಆ ಮೂವರು ಕೈ ಚಾಚಿಕೊಂಡು ಹೊಲದ ನಡುವೆ ನಡೆಯುವುದು ಕಣ್ಣ ಮುಂದೆ ಬಂದು, ಅವತ್ತು ನಿದ್ದೆ ಹತ್ತಲಿಲ್ಲ. ಅಲ್ಲಿ ಅದಿರು ಹೊರುತ್ತಿದ್ದುದು ಸಾಲು ಕುದುರೆಗಳ ಮೇಲೆ. ನಮ್ಮ ಹುಡುಗನಿಗೆ ಹೇಳಿದಾಗ, "ನಮ್ಮ ಮುತ್ಯಾನ ಮುತ್ಯಾ ಎತ್ತಿನ ಮ್ಯಾಲೆ ಉಪ್ಪು ಹೇರತಿದ್ದ್ರಂತ ಅಣ್ಣಾರ" ಅಂದ. ಅವನು ತಾಂಡಾದವನು. ನಮ್ಮ ದೇಶದ ಸರಕು ಎಷ್ಟೋ ಕಾಲ ಲಂಬಾಣಿಗರ ಹೇರೆತ್ತಿನ ಮೇಲೇ ಓಡಾಡಿದ್ದು.

ಈ ಸರಪಳಿ ವಿಷಯವನ್ನು ಅಕ್ಕಾವ್ರಿಗೂ ಹೇಳಿದೆ. ಚೀಟಿ ಹರಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಅವರ ಹತ್ತಿರ ಮುದ್ರೆ ಒತ್ತಿದ 20 ಕೆಜಿಯ ಹತ್ತು ಕಬ್ಬಿಣದ ತೂಕದ ಬೊಟ್ಟುಗಳಿವೆ. ಮೊದಲು ಒಳಗೆ ಮಂಚದ ಕೆಳಗೆ ಇರುತ್ತಿದ್ದವು. ಮುಂದಿನ ವಾರ ಹೋದರೆ ಅವು ಹೊರಗಿನ ಅಂಕಿಯ ಕೆಳಗೆ, ಕಟ್ಟೆಯ ಮೇಲೆ, ಸರಪಳಿ ಹಾಕಿ ಇಟ್ಟಿದ್ದರು. ಕೀಲಿ ಕೇಳಿದರೆ ಕೊಡುತ್ತಾರೆ. ಕಾಟಾದ ಯಾವ ಮೂಲೆಯಲ್ಲಿ ಬೇಕಾದರೂ ಇಟ್ಟು ನೋಡಿ. ನಾನು ನಾಲ್ಕೂ ಮೂಲೆಯಲ್ಲಿ ಹತ್ತೂ ಬೊಟ್ಟು ಇಟ್ಟು ನೋಡಿದೆ. ನಾಲ್ಕು ಸಲವೂ 200.

ಇನ್ನೊಂದು ಕೆಲಸ ಇವರು ತಪ್ಪದೆ ಮಾಡುತ್ತಾರೆ, ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ಗಾಡಿ ನಿಲ್ಲುವ ಕಬ್ಬಿಣದ ಹಾಸಿಗೂ ಪಕ್ಕದ ಕಾಂಕ್ರೀಟಿಗೂ ನಡುವೆ ಎರಡು ಬೆರಳು ಸಂದು ಇರುತ್ತದೆ. ಅದರಲ್ಲಿ ಜಲ್ಲಿ ಸಿಕ್ಕಿಕೊಂಡರೆ ಹಾಸು ಸಲೀಸಾಗಿ ಕೆಳಗೆ ಕೂರುವುದಿಲ್ಲ, ಭಾರದಲ್ಲಿ ಸ್ವಲ್ಪ ಕಾಂಕ್ರೀಟಿಗೆ ಹೋಗುತ್ತದೆ, ಅಂಕಿ ಕಡಿಮೆ ತೋರಿಸುತ್ತದೆ. ಬೆಳಿಗ್ಗೆ ಆರಕ್ಕೆ ಅಕ್ಕಾವ್ರ ಯಜಮಾನರು ಬಗ್ಗಿದ ಕಬ್ಬಿಣದ ಸಳಿ ಹಿಡಿದು, ನಾಲ್ಕೂ ಕಡೆ ಕೂತು ಕೂತು ಆ ಸಂದು ಕೆರೆಯುತ್ತಾರೆ. ತೆಗೆದ ಕಲ್ಲು ಒಂದು ಬುಟ್ಟಿಯಲ್ಲಿ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ. ಕಾನೂನು ಮಾಪನ ಇಲಾಖೆಯವರು 12 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಒತ್ತಬೇಕು ಅಂತ ನಿಯಮ ಇದೆ. ಆ ಸರ್ಟಿಫಿಕೇಟ್ ಕಿಟಕಿಯ ಪಕ್ಕ ಗಾಜಿನೊಳಗೆ ಇದೆ, ತಾರೀಖು ಎಲ್ಲರಿಗೂ ಕಾಣುತ್ತದೆ. ಆದರೆ ಉಳಿದ 364 ದಿನ ಕಾಟಾ ಸರಿ ಇರುವುದು ಆ ಸಳಿಯಿಂದ.

ಖಾಲಿ ತೂಕಕ್ಕೆ ಕ್ಯಾಬಿನ್‌ನಲ್ಲಿ ಎಷ್ಟು ಜನ ಇದ್ದರೋ ಭರ್ತಿ ತೂಕಕ್ಕೂ ಅಷ್ಟೇ ಜನ ಇರಬೇಕು ಅನ್ನುವುದು ಅಕ್ಕಾವ್ರ ನೇಮ. ಒಟ್ಟು ತೂಕ 28.5 ಟನ್ ದಾಟಿದರೆ ಚೀಟಿ ಕೊಡುವಾಗಲೇ ಹೇಳುತ್ತಾರೆ, ನಮ್ಮ ಹತ್ತು ಗಾಲಿ ಗಾಡಿಗೆ ಅದೇ ಮಿತಿ. ನಾನು ಒಂದೆರಡು ಸಲ ವಾಪಸ್ ಹೋಗಿ ಕಲ್ಲು ಇಳಿಸಿ ಬಂದಿದ್ದೇನೆ.

ಕೊರತೆಗಳೂ ಇವೆ. ಚೀಟಿ ಬಿಸಿಗೆ ಅಳಿಸುವ ಕಾಗದದ್ದು. ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಅಕ್ಷರ ಹಾರಿಹೋಗುತ್ತದೆ. ನನ್ನ 61ರಲ್ಲಿ ಏಳು ಚೀಟಿ ಓದಲು ಬರುತ್ತಿರಲಿಲ್ಲ, ಅಕ್ಕಾವ್ರು ಕಂಪ್ಯೂಟರಿನಿಂದ ಮತ್ತೆ ತೆಗೆದುಕೊಟ್ಟರು. ಚೀಟಿ ಕೈಗೆ ಬಂದ ಕೂಡಲೇ ಫೋಟೋ ಹೊಡೆದುಕೊಳ್ಳಿ. ಒಳ್ಳೆಯ ಕಾಗದ ಹಾಕಿದರೆ ಹತ್ತು ರೂಪಾಯಿ ಜಾಸ್ತಿ ಕೊಡಲು ನಾನು ತಯಾರಿದ್ದೇನೆ ಅಂತ ಹೇಳಿದ್ದೇನೆ. ರಸ್ತೆಯಿಂದ ಒಳಗೆ ತಿರುಗುವ ಜಾಗ ಬಹಳ ಇಕ್ಕಟ್ಟು. ಎರಡು ಟ್ರಾಲಿ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ತಿರುಗುವಾಗ ಹಿಂದಿನವರು ಕಾಯಲೇಬೇಕು. ಕಬ್ಬಿನ ಸೀಸನ್‌ನಲ್ಲಿ ಸಂಜೆ ಹೋದರೆ ಎರಡು ತಾಸು ಹೋಗುತ್ತದೆ. ಕಾಯುವವರಿಗೆ ನೆರಳಿಲ್ಲ, ಒಂದು ಬೇವಿನ ಗಿಡ ಇದೆ ಅಷ್ಟೇ. ಗುಡಾಣದ ನೀರು ತಣ್ಣಗಿರುತ್ತದೆ.

ನಮ್ಮಂಥ ಗಾಡಿಗೆ ಖಾಲಿ, ಭರ್ತಿ ಎರಡೂ ಸೇರಿ 150 ರೂಪಾಯಿ. ಟ್ರ್ಯಾಕ್ಟರಿಗೆ 100. ಕಬ್ಬು ಕಳಿಸುವ ರೈತರಿಗೆ ನನ್ನ ಮಾತು ಇಷ್ಟೇ: ಕಾರ್ಖಾನೆಗೆ ಹೋಗುವ ಮೊದಲು ಆ ನೂರು ರೂಪಾಯಿ ಉಳಿಸಲು ಹೋಗಬೇಡಿ. ಗಾಡಿ ನಿಮ್ಮ ಕೈ ಬಿಟ್ಟು ಹೋಗುವ ಮೊದಲೇ ನಿಮ್ಮ ಕಣ್ಣಿನಿಂದ ಅಂಕಿ ನೋಡಿಕೊಳ್ಳಿ.

ಬೆಳಿಗ್ಗೆ ಆರೂವರೆಗೆ ಶುರು, ರಾತ್ರಿ ಹತ್ತರ ತನಕ ಇರುತ್ತಾರೆ. ಅಮಾವಾಸ್ಯೆ ದಿನ ಮಾತ್ರ ಕಾಟಾಕ್ಕೆ ಪೂಜೆ. ಹಾಸಿನ ಮೇಲೆ ತೆಂಗಿನಕಾಯಿ ಒಡೆದು, ಚೂರು ಸಂದಿಗೆ ಬೀಳದ ಹಾಗೆ ಗುಡಿಸಿ, ಸೊನ್ನೆ ನೋಡಿ ಆಮೇಲೆ ಗಾಡಿ ಏರಿಸುತ್ತಾರೆ. ಅವತ್ತು ಎಂಟು ಗಂಟೆಯ ನಂತರ ಹೋಗಿ.